‘ಆರಾಮ ಐತ್ರಿ’ ಅಂದರೆ ಏನು?

ಶಿಗ್ಗಾಂವಿಗೆ ಬಂದ ಮೊದಲ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ: “ಮನೆ ಬಾಡಿಗೆಗೆ ಉಂಟಾ?”

ಮನೆಯ ಯಜಮಾನಿ ನೀಲವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬರ್ರಿ, ಕುಂಡರ್ರಿ. ನಿಮ್ಮ ಕಡೆ ಸಮುದ್ರ ಮನಿ ಹಿತ್ತಲದಾಗ ಇರ್ತೈತೇನ್ರಿ?”

“ಇಲ್ಲ, ದೂರ ಉಂಟು. ಮನೆ?”

“ಮನಿ ಐತ್ರಿ. ನೋಡೋಣಂತ. ಚಾ ತಗೋರಿ.”

ಮೂರು ದಿನ ಹೋದೆ. ಮೂರು ದಿನವೂ ಚಹಾ ಸಿಕ್ಕಿತು, ಸಮುದ್ರದ ವಿಚಾರಣೆಯಾಯಿತು, ಮನೆಯ ಮಾತು ಮಾತ್ರ ಬರಲಿಲ್ಲ. ನಾನು ದನದ ಡಾಕ್ಟರು, ಊರು ಬಂಟ್ವಾಳ. ನಮ್ಮಲ್ಲಿ ‘ಉಂಟಾ’ ಎಂದರೆ ‘ಉಂಟು’ ಅಥವಾ ‘ಇಲ್ಲ’. ಮೂರನೆಯ ಉತ್ತರವನ್ನು ನಾನು ಕೇಳಿದವಳೇ ಅಲ್ಲ.

ಕೊನೆಗೆ ದವಾಖಾನೆಯ ಸಹಾಯಕ ಬಸಪ್ಪ ಬಿಡಿಸಿ ಹೇಳಿದ. “ಅಕ್ಕಾರ, ನೀವು ಮೀನ ತಿಂತೀರೇನು ಅಂತ ಕೇಳ್ಯಾರ್ರಿ ಅವರು.” ಕೆಲಸದಲ್ಲಿರುವ ಹೆಂಗಸನ್ನು ಇಲ್ಲಿ ಗೌರವದಿಂದ ‘ಅಕ್ಕಾರ’ ಎನ್ನುತ್ತಾರೆ.

“ಹಾಗೆಂದೇ ಕೇಳಬಹುದಿತ್ತಲ್ಲ?”

“ಕೇಳಿದ್ರ ನಿಮಗ ಬ್ಯಾಸರ ಆಗೂದಿಲ್ಲೇನ್ರಿ?”

ಮರುದಿನ ಹೋಗಿ, ಮನೆಯಲ್ಲಿ ಮೀನು ಮಾಡುವುದಿಲ್ಲ ಎಂದೆ. “ಅಯ್ಯ, ನಾ ಹಂಗ ಕೇಳೇ ಇಲ್ಲಲ್ರಿ!” ಎನ್ನುತ್ತಲೇ ನೀಲವ್ವ ಕೀಲಿಕೈ ಕೊಟ್ಟರು.

ಖಡಕ್ ರೊಟ್ಟಿಗೆ ಹಲ್ಲು ಒಗ್ಗಿದವು, ಕುಚ್ಚಲಕ್ಕಿ ಗಂಜಿಯ ನೆನಪು ಸಂಜೆಗಳಿಗೆ ಸೀಮಿತವಾಯಿತು. ಮಾತು ಮಾತ್ರ ಒಗ್ಗಲಿಲ್ಲ. ಹಾನಗಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದರೆ, “ಈಗ ಹೋತಲ್ರಿ.” ಮುಂದಿನದು? “ಅದೂ ಬರ್ತೈತ್ರಿ, ಬರದ ಎಲ್ಲಿ ಹೊಕ್ಕೈತಿ?” ಸುತ್ತ ನಿಂತವರೆಲ್ಲ ನಗುತ್ತಾರೆ. ನಗು ಬಾರದವಳು ನಾನೊಬ್ಬಳೇ. ನನ್ನ ‘ಹೋಗುವುದು, ಬರುವುದು’ ಕೇಳಿ, “ಪುಸ್ತಕ ಓದಿದಂಗ ಮಾತಾಡ್ತೀರಿ” ಎಂದು ಇನ್ನಷ್ಟು ನಗುತ್ತಾರೆ.

ಆದರೆ ಗಂಗವ್ವನ ಎಮ್ಮೆಯ ವಿಷಯದಲ್ಲಿ ಯಾರೂ ನಗಲಿಲ್ಲ.

ಗಂಗವ್ವ ದುಂಡಸಿಯ ರೈತ ಹೆಂಗಸು. ಅವಳ ಎಮ್ಮೆಗೆ ದಿನ ತುಂಬಿತ್ತು. ಒಂದು ಮಧ್ಯಾಹ್ನ ಫೋನ್ ಮಾಡಿ, “ಊಟ ಆತೇನ್ರಿ ಅಕ್ಕಾರ?” ಎಂದಳು.

“ಆಯಿತು. ಎಮ್ಮೆ ಹೇಗಿದೆ?”

“ಆರಾಮ ಐತ್ರಿ. ನಿಲ್ತೈತಿ, ಕುಂಡರ್ತೈತಿ. ಈ ಕಡೆ ಏನರ ಬರೂದೈತೇನ್ರಿ? ಮೆಣಸಿನಕಾಯಿ ಹರದೇವಿ, ಒಂದೀಟು ಒಯ್ಯೀರಂತ.”

ಆ ದಿನ ಬೇರೆ ಎರಡು ಹಳ್ಳಿಗಳಿಗೆ ಹೋಗುವುದಿತ್ತು. ಮೆಣಸಿನಕಾಯಿ ನಾಳೆ ತಗೊಳ್ಳುತ್ತೇನೆ ಎಂದೆ. “ಆತ್ರಿ, ಹಂಗ ಆಗ್ಲಿ,” ಎಂದು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಹೋದಾಗ ಎಮ್ಮೆ ನೆಲಕ್ಕೆ ಬಿದ್ದಿತ್ತು. ಕರುವಿನ ತಲೆ ಒಳಗೇ ಹಿಂದಕ್ಕೆ ತಿರುಗಿಕೊಂಡಿತ್ತು. ಎರಡು ತಾಸು ಹೆಣಗಿ ಹೊರತೆಗೆದೆ. ಎಮ್ಮೆ ಉಳಿಯಿತು, ಕರು ಸತ್ತೇ ಬಂತು.

ಭುಜದವರೆಗೆ ರಕ್ತವಾದ ಕೈ ತೊಳೆಯುವಾಗ ನನಗೆ ತಡೆಯಲಾಗಲಿಲ್ಲ. “ಆರಾಮ ಅಂದಿರಲ್ಲ! ನೋವು ಅಂತ ಒಂದು ಶಬ್ದ ಹೇಳಲಿಕ್ಕೆ ಏನಾಗಿತ್ತು?” ಎಂದು ಕೂಗಿದೆ.

ನೀರು ಹಾಕುತ್ತಿದ್ದ ಗಂಗವ್ವ ತಲೆ ಎತ್ತಲಿಲ್ಲ. “ಆರಾಮಿದ್ರ ಯಾರರ ಡಾಕ್ಟರಿಗೆ ಫೋನ್ ಹಚ್ಚತಾರೇನ್ರಿ? ಹೊಟ್ಟ್ಯಾಗ ಜೀವ ಇರೂಮುಂದ ನನ್ನ ಬಾಯಿಲೆ ಕೆಟ್ಟದ್ದ ಹ್ಯಾಂಗ ಆಡ್ಲಿ?”

ಏಳುವುದು, ಕೂರುವುದು. ಅದು ಹೆರಿಗೆ ನೋವಿನ ಮೊದಲ ಲಕ್ಷಣವೆಂದು ಕಾಲೇಜಿನಲ್ಲಿ ಬರೆದು ಅಂಕ ಪಡೆದವಳು ನಾನು. ಅವಳು ಹೇಳಿದ್ದಳು. ಮೆಣಸಿನಕಾಯಿಯ ಪಕ್ಕದಲ್ಲಿಟ್ಟು ಹೇಳಿದ್ದಳು. ಸಿಟ್ಟು ಅವಳ ಮೇಲೋ ನನ್ನ ಮೇಲೋ ತಿಳಿಯದೆ, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಈಗ ಯಾರೇ ಫೋನ್ ಮಾಡಿದರೂ ಹೋಗುತ್ತೇನೆ. “ಈಗಲೇ ಬರಬೇಕಾ?” ಎಂದರೆ “ನಿಮಗ ಹ್ಯಾಂಗ ತಿಳಿತೈತಿ ಹಂಗ್ರಿ” ಎನ್ನುತ್ತಾರೆ. ಹಲವು ಸಲ ಬಿಸಿಲಲ್ಲಿ ಬೆವರಿ ತಲುಪಿದರೆ ಹಸು ನೆಮ್ಮದಿಯಿಂದ ಮೆಲುಕು ಹಾಕುತ್ತಿರುತ್ತದೆ, ಚಹಾ ಸಿದ್ಧವಾಗಿರುತ್ತದೆ. ಹಲ್ಲು ಕಚ್ಚಿ ಕುಡಿಯುತ್ತೇನೆ.

ಕಳೆದ ತಿಂಗಳು ರಜೆಗೆ ಊರಿಗೆ ಹೋದೆ. ಅಂಗಳಕ್ಕೆ ಕಾಲಿಟ್ಟದ್ದೇ ಚಿಕ್ಕಮ್ಮ, “ಕಪ್ಪಾಗಿದ್ದೀ. ಮದುವೆ ಯಾವಾಗ?” ಎಂದರು. ನನಗೆ ಬೇಕಾಗಿದ್ದ ನೇರ ಮಾತು ಅದೇ. ಕೆನ್ನೆಗೆ ಹೊಡೆದ ಹಾಗಾಯಿತು. ಮೊದಲು ಒಂದು ಲೋಟ ನೀರು ಕೊಟ್ಟು, ಮಳೆ ಬೆಳೆ ಕೇಳಿದ್ದರೆ ಏನಾಗುತ್ತಿತ್ತು ಅನಿಸಿತು.

ಹೊರಡುವ ದಿನ, ಶಿಗ್ಗಾಂವಿ ಪಕ್ಕದ ಸವಣೂರಿನಿಂದ ಒಯ್ದಿದ್ದ ಕುರುಕಲು ಖಾರ ತಿನ್ನುತ್ತಾ ಅಮ್ಮ ಕೇಳಿದಳು, “ಟ್ರಾನ್ಸ್‌ಫರಿಗೆ ಅರ್ಜಿ ಹಾಕಿದ್ದೀಯಾ, ಇಲ್ಲವಾ?”

“ಬರೆದದ್ದು ಉಂಟು. ಕೊಟ್ಟಿಲ್ಲ.”

“ಅದೆಂತ ಉತ್ತರ ಮಾರಾಯ್ತಿ? ಅಂದರೆ ಅಲ್ಲೇ ಇರ್ತೀ ಅಂತಾಯಿತು.”

“ಹಾಗೆ ನಾನು ಹೇಳಲೇ ಇಲ್ಲ,” ಎಂದು ರೇಗಿದೆ. ಅಮ್ಮ ಖಾರದ ಪೊಟ್ಟಣ ಕಟ್ಟಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ನನ್ನ ಚೀಲ ಎತ್ತಿಕೊಂಡಳು.