ರುಬ್ಬುವ ಜೀಪಿನಲ್ಲಿ ಸೂರತ್ತಿಗೆ

ಉತ್ತರಾಯಣದ ಹಬ್ಬ ಕಳೆದ ಮೂರನೆಯ ದಿನ, ಬೆಳಿಗ್ಗೆ ಆರೂವರೆಗೆ, ನಾನೂ ನನ್ನ ಹೆಂಡತಿ ಲಲಿತಳೂ ಅಹಮದಾಬಾದಿನ ವಸ್ತ್ರಾಪುರದಿಂದ ಹೊರಟೆವು. ವಾಹನ ನನಗಿಂತ ಹಿರಿಯದು. ನನ್ನ ಸೋದರಮಾವ ಸೇನೆಯ ಹರಾಜಿನಲ್ಲಿ ಕೊಂಡ ಹಳೆಯ ಜೀಪು. ಸ್ಟಿಯರಿಂಗ್ ಎಡಗಡೆ, ಬಾಗಿಲು ಯಾವ ಕಡೆಯೂ ಇಲ್ಲ. ಲಲಿತಾ ಎರಡು ಸ್ವೆಟರು, ಒಂದು ಶಾಲು, ನನ್ನ ಮಂಕಿ ಕ್ಯಾಪು ಹಾಕಿಕೊಂಡು, ಕೆಳಗೊಂದು ದಿಂಬು ಇಟ್ಟುಕೊಂಡು ಕೂತಿದ್ದಳು. ಬೇವಿನ ಮರಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು.

ಸೂರತ್ತಿನಲ್ಲಿ ಹಳೆಯ ಜೀಪುಗಳ ಮೇಳವಿದೆ ಎಂದು ಅವಳಿಗೆ ಹೇಳಿದ್ದೆ. ಮೇಳ ಇದ್ದದ್ದು ನಿಜ. ನಾನು ಹೊರಟದ್ದು ಮಾತ್ರ ಅದಕ್ಕಲ್ಲ. ಸೂರತ್ತಿನ ಪಾಂಡೇಸರಾದಲ್ಲಿ ಕ್ಯಾಂಟೀನು ನಡೆಸುವ ವಾಸುವಿಗೆ ಒಂದು ಮಾತು ಹೇಳುವುದಿತ್ತು. ಹೇಳಬೇಕಾಗಿದ್ದು ನಲವತ್ತೈದು ವರ್ಷದ ಹಿಂದೆ.

ಕುಂದಾಪುರದ ಕಡೆಯಿಂದ ಹತ್ತನೆಯ ಕ್ಲಾಸು ಮುಗಿಸಿ ಬಂದು ನಾನು ಅಹಮದಾಬಾದಿನಲ್ಲಿ ಸೋದರಮಾವನ ಹೋಟೆಲು ಸೇರಿದ್ದೆ. ಆಗ ಕರೆಂಟು ಮನಸ್ಸು ಬಂದಾಗ ಬರುತ್ತಿತ್ತು. ಈ ಜೀಪಿನ ಹಿಂಬದಿಗೆ ಹೊಲದ ಯಂತ್ರ ತಿರುಗಿಸುವುದಕ್ಕೆಂದು ಒಂದು ಗಾಲಿ ಇತ್ತು. ಹೋಟೆಲಿನ ಅಡುಗೆಗೂ ಜೀಪಿಗೂ ಇದ್ದ ವಾಸು ಅದಕ್ಕೆ ಬೆಲ್ಟು ಕಟ್ಟಿ, ಅಡುಗೆಮನೆಯ ರುಬ್ಬುವ ಕಲ್ಲಿಗೆ ಜೋಡಿಸಿದ್ದ. ಜೀಪನ್ನು ರಿವರ್ಸ್ ಗೇರಿಗೆ ಹಾಕಿದರೆ ಕಲ್ಲು ಸರಿಯಾದ ದಿಕ್ಕಿಗೆ ತಿರುಗುತ್ತಿತ್ತು. ಆದರೆ ಅದಕ್ಕೆ ಮೊದಲು ನೆಲದಲ್ಲಿದ್ದ ಒಂದು ಸಣ್ಣ ಲಿವರನ್ನು ನಡುವೆ ನಿಲ್ಲಿಸಬೇಕು. ಆಗ ಚಕ್ರಗಳಿಗೆ ಬಲ ಹೋಗುವುದಿಲ್ಲ. ವಾಸು ಅದನ್ನು ನಡುವೆ ನಿಲ್ಲಿಸಿ, "ಖಾಲಿ!" ಎಂದು ಕೂಗುತ್ತಿದ್ದ. ಎಷ್ಟೋ ವರ್ಷ ನಮ್ಮ ಹೋಟೆಲಿನ ಇಡ್ಲಿಗೆ ಸ್ವಲ್ಪ ಪೆಟ್ರೋಲಿನ ಪರಿಮಳವಿತ್ತು. ಗಿರಾಕಿಗಳು ಅದನ್ನು ಉಡುಪಿಯ ಮಸಾಲೆ ಎಂದು ಹೊಗಳುತ್ತಿದ್ದರು.

ಒಂದು ದಿನ ಮದುವೆಯೊಂದಕ್ಕೆ ಇನ್ನೂರು ಎಲೆಯ ಆರ್ಡರು. ವಾಸು ಇಂಜಿನ್ನು ಚಾಲೂ ಮಾಡಿ, ಲಿವರು ನಡುವಿಗೆ ತಂದು, "ಖಾಲಿ!" ಎಂದು ಕೂಗಿ, ನೆನೆಸಿದ ಅಕ್ಕಿ ತರಲು ಒಳಗೆ ಹೋದ. ನಾನು ಧಣಿಗಳ ಸೋದರಳಿಯನ ಠೀವಿಯಲ್ಲಿ ಹತ್ತಿ ಕೂತು, ಇದೇನು ಮಹಾ ವಿದ್ಯೆ ಎಂದು ಸಣ್ಣ ಲಿವರನ್ನು ಎಳೆದು ನೋಡಿದೆ. ಮಾವನ ಕೆಮ್ಮು ಕೇಳಿದ್ದೇ ಹಾರಿ ಇಳಿದೆ. ವಾಸು ಬಂದು ರಿವರ್ಸ್ ಹಾಕಿ ಕ್ಲಚ್ ಬಿಟ್ಟ. ಜೀಪು ಹಿಮ್ಮುಖವಾಗಿ ಅಡುಗೆಮನೆಗೇ ನುಗ್ಗಿತು. ಗೋಡೆ ಬಿತ್ತು, ಕಲ್ಲು ಉರುಳಿತು, ಆಗಲೇ ರುಬ್ಬಿಟ್ಟಿದ್ದ ಉದ್ದಿನ ಹಿಟ್ಟು ಛಾವಣಿಯ ಫ್ಯಾನಿಗೂ ಹತ್ತಿತು. ಮದುವೆಯವರು ಉಪ್ಪಿಟ್ಟು ತಿಂದರು. ಮಾವ ವಾಸುವನ್ನು ಆ ಸಂಜೆಯೇ ಕಳಿಸಿದರು. "ಮರೆತಿರಬೇಕು, ಪಾಪ" ಎಂದೆ ನಾನು. ಆ "ಪಾಪ" ಎಂಬ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಆಮೇಲೆ ನನಗೆ ನಾನೇ ಒಂದು ಸಮಾಧಾನ ಕಟ್ಟಿಕೊಂಡೆ. ಇಳಿಯುವ ಮುಂಚೆ ಲಿವರನ್ನು ನಡುವಿಗೆ ತಂದೇ ಇಟ್ಟಿದ್ದೆ. ಇಂಜಿನ್ನಿನ ನಡುಕಕ್ಕೆ ಅದು ತಾನೇ ಜಾರಿರಬೇಕು ಎಂದು. ವಾಸುವಿಗೂ ಹೀಗೆಯೇ ಹೇಳುವುದೆಂದು ಹೊರಟಿದ್ದೆ.

ವಡೋದರಾ ನೂರ ಹತ್ತು ಕಿಲೋಮೀಟರು. ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ನಡಿಯಾದ್, ಆಣಂದ್ ಮೇಲೆ ಹೋಗುವ ಹಳೆಯ ರಸ್ತೆ ಹಿಡಿದೆ. ನಲವತ್ತೈದರ ವೇಗ ದಾಟಿದರೆ ಜೀಪಿನ ಬಾನೆಟ್ಟು ಚಪ್ಪಾಳೆ ತಟ್ಟುತ್ತಿತ್ತು. ಕಬ್ಬಿನ ಟ್ರ್ಯಾಕ್ಟರೂ ನಮ್ಮನ್ನು ಹಿಂದೆ ಹಾಕಿತು.

"ಇದ್ರಗ್ ಹೋಪ್ದಕ್ಕಿಂತ ನಡ್ಕಂಡ್ ಹೋಪ್ದ್ ಒಳ್ಳೇದಿತ್ತ್" ಎಂದಳು ಲಲಿತಾ.

ಟೋಲಿನ ಯುವಕ ಗಾಡಿಯ ಜೊತೆ ನಿಂತು ಫೋಟೋ ತೆಗೆಸಿಕೊಂಡ, "ಕಾಕಾ, ಬಹುತ್ ಬಢಿಯಾ" ಎಂದ, ಫಾಸ್ಟ್ಯಾಗ್ ಇಲ್ಲವೆಂದು ಎರಡು ಪಟ್ಟು ಸುಂಕವನ್ನೂ ಕಿತ್ತ.

ವಡೋದರಾ ಊರು ದಾಟಿ ಮಕರಪುರದ ಕಾರ್ಖಾನೆಗಳ ಸಾಲಿಗೆ ಬರುವಾಗ ಕ್ಲಚ್ ಕೈಕೊಟ್ಟಿತು. ಲೇತ್ ಇಟ್ಟುಕೊಂಡಿದ್ದ ಜಯಂತಿಭಾಯಿ ಎಂಬ ಮೆಕ್ಯಾನಿಕ್ಕು ತಳದ ತಗಡು ಬಿಚ್ಚಿ, ಕ್ಲಚ್ಚಿಗೆ ಹೊಸ ಪಿನ್ನು ಕಡೆದು ಹಾಕಿದ. ತಗಡು ಬಿಚ್ಚಿದ್ದೇ ಇತ್ತು. ನಾನು ಸಣ್ಣ ಲಿವರು ತೋರಿಸಿ ಕೇಳಿದೆ, ಇದು ನಡುಕಕ್ಕೆ ತಾನಾಗಿ ಜಾರುತ್ತದೆಯೇ ಎಂದು.

ಅವನು ಅದನ್ನು ಎರಡೂ ಕೈಯಲ್ಲಿ ಎಳೆದು ನೋಡಿದ. "ನಹೀಂ ಕಾಕಾ. ಒಳಗಿನ ಸ್ಪ್ರಿಂಗು ಹಳೇ ಕಾಲದ್ದು, ಹೊಸದರ ಹಾಗಿದೆ."

"ತುಂಬಾ ನಡುಗಿದರೆ?"

"ಭೂಕಂಪ ಆದರೂ ನಹೀಂ ಹಿಲೇಗಾ. ಯಾರಾದರೂ ಎಳೆಯಬೇಕು."

"ಸ್ವಲ್ಪ ಸವೆದಿದ್ದರೆ?"

"ಕಾಕಾ, ಸ್ಪ್ರಿಂಗು ಚೆನ್ನಾಗಿದೆ ಅಂದರೆ ನೀವು ಯಾಕೆ ಅಳುವ ಮುಖ ಮಾಡ್ತೀರಿ?"

ಸಂಜೆ ಅಂಗಡಿಯೊಂದರಲ್ಲಿ ಸೇವ್ ಉಸಳ್ ಎಂಬ ಖಾರದ ಬಟಾಣಿ ಸಾರು ತಿನ್ನುವಾಗ ಲಲಿತಾ ಹಿಡಿದುಕೊಂಡಳು. "ಆ ಲಿವರಿನ ಸುದ್ದಿ ಎಂತಕ್ಕೆ ಮೂರ್ ಸಲ ಕೇಂಡ್ರಿ?"

ಹೇಳಿಬಿಟ್ಟೆ. ಒಂದು ವಿಷಯ ಇಲ್ಲಿ ಬರೆಯಬೇಕು: ನಮ್ಮ ಮನೆಯಲ್ಲಿ ಮರೆವಿಗೆ ಇನ್ನೊಂದು ಹೆಸರೇ "ವಾಸು ಕೆಲಸ". ಆ ಮಾತನ್ನು ಮನೆಗೆ ತಂದವನು ನಾನು. ಕಂಡೇ ಇರದ ಮನುಷ್ಯನನ್ನು ಲಲಿತಾ ಮದುವೆಯಾದ ವರ್ಷದಿಂದ ಬೈಯುತ್ತಾ ಬಂದಿದ್ದಳು.

"ಹಾಂಗಾರೆ ಇಷ್ಟ್ ವರ್ಷ ಹಾಲ್ ಉಕ್ಕಿದ್ದಕ್ಕೆಲ್ಲ ಆ ಪುಣ್ಯಾತ್ಮನ ಹೆಸರ್ ಹೇಳಿದ್ದ್?"

"ಹೌದು."

"ಗ್ಯಾಸ್ ಆರ್ಸೂಕೆ ಮರ್ತದ್ದಕ್ಕೆ?"

"ಅದಕ್ಕೂ."

ಅವಳು ತನ್ನ ತಟ್ಟೆ ಮುಗಿಸಿ, ನನ್ನದನ್ನೂ ಎಳೆದುಕೊಂಡು ತಿಂದಳು. ಮಾರನೆಯ ದಿನ ಭರೂಚಿನವರೆಗೂ ಮಂಕಿ ಕ್ಯಾಪನ್ನು ಮೂಗಿನವರೆಗೆ ಎಳೆದುಕೊಂಡೇ ಕೂತಿದ್ದಳು. ಅಲ್ಲಿ ನರ್ಮದೆ ದಾಟುವ ಮೊದಲು ಉಪ್ಪು ಶೇಂಗಾದ ಎರಡು ಪೊಟ್ಟಣ ಕೊಂಡಳು. "ಒಂದ್ ವಾಸಣ್ಣಂಗೆ, ಒಂದ್ ನಂಗೆ" ಎಂದಳು. ನನಗೆಲ್ಲಿ ಎಂದು ನಾನು ಕೇಳಲಿಲ್ಲ.

ವಡೋದರಾದಿಂದ ಸೂರತ್ತಿಗೆ ನೂರೈವತ್ತು ಕಿಲೋಮೀಟರು. ಪಾಂಡೇಸರಾ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ, ಸ್ವೆಟರು ಬಿಚ್ಚುವಷ್ಟು ಬಿಸಿಲು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳು, ಉಗಿ, ಸೀರೆಯ ಗಂಟು ಹೇರಿದ ಟೆಂಪೋಗಳು. ಒಂದು ಮಿಲ್ಲಿನ ಗೇಟಿನೆದುರು ತಗಡಿನ ಮಾಡಿನ ಕ್ಯಾಂಟೀನು. ಬಾಣಲೆಯ ಮುಂದೆ ಬನಿಯನ್ನಿನಲ್ಲಿ ನಿಂತಿದ್ದ ತೆಳ್ಳನೆಯ ಮುದುಕ ಮೊದಲು ಜೀಪು ನೋಡಿದ, ಆಮೇಲೆ ನನ್ನನ್ನು.

"ಸಣ್ಣ ಭಟ್ರೇ! ನೀವೂ ಮುದ್ಕ್ರಾಯ್ರಿಯಾ?" ಹೋಟೆಲಿನಲ್ಲಿ ಅವನು ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ.

ವಾಸು ಜೀಪಿನ ಸುತ್ತ ಒಂದು ಸುತ್ತು ಬಂದ. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. "ವಾಸು, ಆವತ್ತು ಲಿವರು ಎಳೆದದ್ದು ನಾನು" ಎಂದೆ.

ಬಾಣಲೆಯಲ್ಲಿ ವಡೆ ಕಪ್ಪಾಗುತ್ತಿತ್ತು. ಯಾರೂ ತೆಗೆಯಲಿಲ್ಲ.

"ನಾನ್ ಖಾಲಿ ಮಾಡಿಟ್ಟದ್ದ್ ಹೌದಾ?"

"ಹೌದು. ನೀನು ಖಾಲಿಯೇ ಮಾಡಿದ್ದೆ."

ಅವನು ಬೆಂಚಿನ ಮೇಲೆ ಕೂತುಬಿಟ್ಟ. ಬೈಯುತ್ತಾನೆಂದು ಕಾದೆ. ಅವನು ಲೆಕ್ಕ ಒಪ್ಪಿಸುವವನಂತೆ ಮೆಲ್ಲನೆ ಹೇಳಿದ. "ಈ ಮಿಲ್ಲಿನ ಸೇಠು ಡ್ರೈವರ್ ಕೆಲ್ಸ ಕೊಡ್ತೆ ಅಂದ್ರ್, ಮನೆ ಸಮೇತ. ನಾನ್ ಒಲ್ಲೆ ಅಂದೆ. ನಾನ್ ಮರೆವಿನ ಜನ ಅಲ್ದಾ, ಯಾರನ್ನಾರೂ ಕೊಂದ್ರೆ? ದಿನಾ ಕ್ಯಾಂಟೀನಿನ ಬೀಗ ಮೂರ್ ಸಲ ಎಳ್ದ್ ಕಾಂತೆ. ತರಕಾರಿಗೆ ಬಸ್ಸಗೇ ಹೋಪ್ದ್. ನಲ್ವತ್ತೈದ್ ವರ್ಷ ಬಸ್ಸಿಗೆ ಕಾದೆ, ಭಟ್ರೆ."

ಗೋಡೆ ಬಿದ್ದದ್ದು, ಕೆಲಸ ಹೋದದ್ದು ಇಷ್ಟಕ್ಕೇ ನಾನು ಕ್ಷಮೆ ಕೇಳಲು ಬಂದಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ. ಬೀಗದ ಕೈ ಅವನ ಅಂಗೈಯಲ್ಲಿಟ್ಟು, "ಜೀಪು ನಿನಗೇ" ಎಂದೆ.

"ಅದ್ ಮತ್ತೆ ಕಾಂಬ. ಮೊದ್ಲ್ ನೀವ್ ಹಿಂದೆ ಕೂಕಣಿ."

ವಾಸು ಅಂಗಿ ಹಾಕಿಕೊಂಡು ಬಂದು ಸ್ಟಿಯರಿಂಗಿನ ಮುಂದೆ ಕೂತ. ಗೇರು ನೋಡಿದ. ಸಣ್ಣ ಲಿವರನ್ನು ನಡುವಿಗೆ ತಂದು, ಬೀದಿಯೆಲ್ಲ ತಿರುಗಿ ನೋಡುವ ಹಾಗೆ "ಖಾಲಿ!" ಎಂದು ಕೂಗಿದ. ಅನಂತರ ಅದನ್ನು ಮುಂದಕ್ಕೆ ಹಾಕಿ ಕ್ಲಚ್ ಬಿಟ್ಟ. ಎರಡು ದಿನ ನನ್ನ ಕೈಯಲ್ಲಿ ಕಪ್ಪೆಯಂತೆ ಹಾರಿದ ಗಾಡಿ ಅವನ ಕೈಯಲ್ಲಿ ನೀರಿನಂತೆ ಹೋಯಿತು.

ಅರ್ಧ ಕಿಲೋಮೀಟರಿನಲ್ಲಿ ನಿಲ್ಲಿಸಿದ. "ನೀವ್ ಇಳೀನಿ, ಸಣ್ಣ ಭಟ್ರೆ."

"ಎಂತಕ್ಕೆ?"

"ಇದ್ ನನ್ನ ಬಸ್‌ಸ್ಟಾಪು. ಸ್ವಲ್ಪ ಹೊತ್ತ್ ಕಾದ್ ಕಾಣಿ."

ನಾನು ಲಲಿತಳ ಮುಖ ನೋಡಿದೆ. ಅವಳು ಮುಂದಿನ ಸೀಟಿನಲ್ಲಿ ಶೇಂಗಾದ ಪೊಟ್ಟಣ ಒಡೆಯುತ್ತಿದ್ದಳು. "ಹೋಪ ವಾಸಣ್ಣ, ತಾಪಿ ಹೊಳಿ ಕಂಡ್ಕಂಡ್ ಬಪ್ಪ" ಎಂದಳು.

ಜೀಪು ಹೋಯಿತು. ಹಿಂದಿನ ಕೊಕ್ಕೆಗೆ ಸಿಕ್ಕಿಕೊಂಡ ಗಾಳಿಪಟದ ದಾರವೊಂದು ಅಹಮದಾಬಾದಿನಿಂದಲೂ ಬಂದಿತ್ತು; ಅದು ತಿರುವಿನಲ್ಲಿ ಒಮ್ಮೆ ಮಿಂಚಿ ಮರೆಯಾಯಿತು. ನಿಲ್ದಾಣದಲ್ಲಿ ಕೂರಲು ಬೆಂಚಿರಲಿಲ್ಲ, ನೆರಳೂ ಇರಲಿಲ್ಲ. ನಲವತ್ತು ನಿಮಿಷಕ್ಕೆ ಒಂದು ನೀಲಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, "ಆವೋ ದಾದಾ, ಜಗ್ಯಾ ಛೇ" ಎಂದು ಕರೆದ. ಒಳಗೆ ಜಾಗವೂ ಇತ್ತು.

ನಾನು ಹತ್ತಲಿಲ್ಲ. ಇನ್ನೊಂದು ಬಸ್ಸಿನಷ್ಟಾದರೂ ಕಾಯೋಣ ಅನ್ನಿಸಿತು.