ನೆಗೆಟಿವ್ ಹಿಡಿಯುವ ಕೈ

ಬಿಳಿ ಕೈಗವಸು ಹಾಕಿಕೊಂಡು ಬಚ್ಚಲಮನೆಯಲ್ಲಿ ಕೂತ ನಿವೃತ್ತ ಮಾಸ್ತರನನ್ನು ನೀವು ನೋಡಿರಲಿಕ್ಕಿಲ್ಲ. ಆತ ನಾನೇ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಧೂಳಿಗೆ ಅಷ್ಟಾಗಿ ಪ್ರವೇಶವಿಲ್ಲದ ಕೋಣೆ ಅದೊಂದೇ. ಬಿಸಿನೀರು ಬಿಟ್ಟು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಟ್ಟರೆ ಗಾಳಿಯಲ್ಲಿದ್ದ ಧೂಳು ಕೆಳಗೆ ಕೂರುತ್ತದೆ. ಆಮೇಲೆ ಅಲ್ಲೇ ಕೂತು ಫೋಟೋ ನೆಗೆಟಿವ್‌ಗಳನ್ನು ಸ್ಕ್ಯಾನರಿನ ಚೌಕಟ್ಟಿಗೆ ಕೂರಿಸುತ್ತೇನೆ. ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯುವವರಿಗೆ ಇದರ ಮಹತ್ವ ತಿಳಿಯುವುದಿಲ್ಲ. ಹೆಂಡತಿಯಂತೂ ನನ್ನ ಕೈ ನೋಡಿ, ಮದುವೆಯ ಬ್ಯಾಂಡಿನವರು ಒಬ್ಬರನ್ನು ಇಲ್ಲೇ ಮರೆತು ಹೋದಂತಿದೆ ಎಂದಳು.

ನಮ್ಮಪ್ಪ ಕೆರೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಫೋಟೋಗಳು ಊರವರ ಗೋಡೆಗಳಿಗೆ ಹೋದವು, ನೆಗೆಟಿವ್‌ಗಳು ಬಿಸ್ಕಿಟ್ ಡಬ್ಬಿ ಸೇರಿ ನಮ್ಮ ಅಟ್ಟಕ್ಕೆ ಬಂದವು. ನಿವೃತ್ತಿಯ ನಂತರ ಒಂದು ಸ್ಕ್ಯಾನರ್ ತಂದೆ. ಗುಂಡಿ ಒತ್ತಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮೊದಲ ಚಿತ್ರದಲ್ಲೇ ಮದುಮಗನ ಕೆನ್ನೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಮೂಡಿತು. ಅಂದಿನಿಂದ ಕೈಗವಸು, ಅದೂ ಅಂಚು ಮಾತ್ರ ಹಿಡಿಯುವುದು.

ಸುರುಳಿ ಸುತ್ತಿಕೊಂಡದ್ದನ್ನು ದಪ್ಪ ಪುಸ್ತಕಗಳ ನಡುವೆ ಇಟ್ಟು ಚಪ್ಪಟೆ ಮಾಡಬೇಕು. ಹೊಳಪಿನ ಮಗ್ಗಲು ಯಾವುದು, ಮಂಕು ಮಗ್ಗಲು ಯಾವುದು ಎಂದು ನೋಡಬೇಕು. ತಿರುವುಮುರುವಾದರೆ ನಮ್ಮ ಕಡೆಯ ಹೆಂಗಸರ ಬಲಹೆಗಲಿನ ಸೆರಗು ಎಡಕ್ಕೆ ಜಿಗಿಯುತ್ತದೆ. ಇನ್ನು ಬೆಳಕಿಗೆ ಹಿಡಿದರೆ ಪ್ರಾಯದವರಿಗೆಲ್ಲ ನರೆಗೂದಲು, ಮುದುಕರಿಗೆ ಮಾತ್ರ ಕಡುಗಪ್ಪು. ಇಂಥ ನ್ಯಾಯ ಬೇರೆಲ್ಲೂ ಸಿಗಲಿಕ್ಕಿಲ್ಲ.

ಈ ಸುದ್ದಿ ಇಳಕಲ್ಲಿನ ಗಂಗಕ್ಕನಿಗೆ ಮುಟ್ಟಿತು. ಗಂಗಕ್ಕ ನನ್ನ ಸೋದರತ್ತೆಯ ಮಗಳು, ನನಗಿಂತ ಹಿರಿಯಳು. ಆಕೆ ತೊಟ್ಟಿಲಲ್ಲಿದ್ದಾಗಲೇ ಅತ್ತೆ ತೀರಿಕೊಂಡಿದ್ದಳು. ಅವರ ಮನೆಯಲ್ಲಿದ್ದ ಅತ್ತೆಯ ಒಂದೇ ಫೋಟೋವನ್ನು ಆಕೆಗೆ ತಿಳಿವಳಿಕೆ ಬರುವ ಮೊದಲೇ ಗೆದ್ದಲು ತಿಂದಿತ್ತು. ಅವ್ವನ ಮುಖ ಹೇಗಿತ್ತೆಂದು ಆಕೆಗೆ ಗೊತ್ತಿಲ್ಲ. ಬಸ್ಸು ಹಿಡಿದು ಬಂದವಳು ಚಹಾ ಕುಡಿಯುವ ಮೊದಲೇ ಡಬ್ಬಿ ಎಲ್ಲಿ ಎಂದು ಕೇಳಿದಳು.

ಅಪ್ಪ ಒಂದು ಲಕೋಟೆಯ ಮೇಲೆ ‘ತಂಗಿ (ಬಲತುದಿ), ಬಾದಾಮಿ’ ಎಂದು ಬರೆದಿಟ್ಟಿದ್ದರು. ಒಳಗಿದ್ದದ್ದು ಎರಡು ನೆಗೆಟಿವ್. ಅಟ್ಟದ ಸೋರಿಕೆಗೆ ನೆನೆದು, ಬೇಸಿಗೆಗೆ ಒಣಗಿ, ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಎಳೆದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ಉಳಿದದ್ದು ಒಂದೇ ದಾರಿ, ನೀರಲ್ಲಿ ನೆನೆಸುವುದು.

“ಗಂಗಕ್ಕಾ, ನೀರಿಗೆ ಹಾಕಿದ್ರ ಬಿಟ್ರೂ ಬಿಡಬಹುದು, ಇದ್ದ ಚಿತ್ರಾನೂ ಹೋದ್ರೂ ಹೋಗಬಹುದು,” ಎಂದೆ.

“ನಾ ಈತನಕ ಏನೂ ನೋಡೇ ಇಲ್ಲ ತಮ್ಮಾ. ಹೋದ್ರ ಹೊಸದಾಗಿ ಏನ್ ಹೋಗತೈತಿ? ಹಾಕು,” ಎಂದಳು.

ನಮ್ಮ ಬೋರಿನ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಅದಕ್ಕೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ತಾಟಿಗೆ ಸುರಿದೆ. ಗಂಗಕ್ಕ ಬಚ್ಚಲ ಹೊಸ್ತಿಲ ಮೇಲೆ ಕೂತಳು. ನಾನು ಮತ್ತೆ ಮತ್ತೆ ಮೂಲೆ ಮುಟ್ಟಿ ನೋಡುತ್ತಿದ್ದೆ. ಆಕೆ ಕಣ್ಣಲ್ಲೇ ಬೇಡ ಎನ್ನುತ್ತಿದ್ದಳು. ಕೊನೆಗೆ ಯಾರೂ ಎಳೆಯದೆ ಒಂದು ಅಂಚು ಮೆಲ್ಲಗೆ ಮೇಲೆದ್ದಿತು. ಸಂಜೆಯ ಹೊತ್ತಿಗೆ ಎರಡೂ ಬೇರೆಯಾದವು. ಮೂಲೆಗೆ ಕ್ಲಿಪ್ ಹಾಕಿ ತೂಗುಬಿಟ್ಟೆ. ಅಂದು ಮನೆಯವರೆಲ್ಲ ನೆರೆಮನೆಯಲ್ಲಿ ಮುಖ ತೊಳೆದರು.

ಮರುದಿನ ಸ್ಕ್ಯಾನ್ ಮಾಡಿದಾಗ ಒಂದರಲ್ಲಿ ಬರೀ ಬಾದಾಮಿಯ ಕೆರೆ ಬಂತು. ಇನ್ನೊಂದರಲ್ಲಿ ಕೆರೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಬಂಧುಗಳು. ಎಲ್ಲರೂ ಕಂಬದ ಹಾಗೆ ಅಲುಗಾಡದೆ ನಿಂತಿದ್ದರಿಂದ ಸ್ಪಷ್ಟ. ಅಪ್ಪ ಬರೆದಂತೆ ಬಲತುದಿಯಲ್ಲಿ ನಿಂತ ಅತ್ತೆಯ ಮುಖ ಮಾತ್ರ ಕದಲಿ ಮಸುಕಾಗಿತ್ತು. ಕಣ್ಣು ಸರಿಯಾಗಿ ಕಾಣದು. ಬಿಚ್ಚಿದ ಬಾಯಿ, ಹಿಂದಕ್ಕೆ ವಾಲಿದ ಕುತ್ತಿಗೆ, ಅಷ್ಟೇ. ನನಗೆ ಬಹಳ ಕೆಡುಕೆನಿಸಿತು. ಕಂಪ್ಯೂಟರಿನಲ್ಲಿ ತಿದ್ದಿ ಮುಖ ಕೂಡಿಸಿ ಕೊಡುತ್ತೇನೆ ಎಂದೆ.

ಗಂಗಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಬ್ಯಾಡ. ‘ನಿಮ್ಮವ್ವ ನಗಾಕ ಹತ್ತಿದ್ರ ನಿಲ್ತಿದ್ದಿಲ್ಲ’ ಅಂತ ನಮ್ಮಪ್ಪ ಅಂತಿದ್ದ. ಸಮಾಧಾನಕ್ಕ ಹೇಳ್ತಾನ ಅಂತ ತಿಳಿದಿದ್ನಿ. ಖರೇನ ಐತಿ.”

ಎರಡೂ ನೆಗೆಟಿವ್‌ಗಳನ್ನು ಬೇರೆಬೇರೆ ಕಾಗದದ ಲಕೋಟೆಗೆ ಹಾಕಿ, ತಂಪಾದ ಒಳಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಫೋಟೋ ದೊಡ್ಡದಾಗಿ ಇಳಕಲ್ಲಿನ ಪಡಸಾಲೆಯಲ್ಲಿ ತೂಗುತ್ತಿದೆ. ಬಂದವರು, ತುದಿಯಲ್ಲಿ ಫೋಟೋ ಅಲ್ಲಾಡಿದೆಯಲ್ಲ ಎನ್ನುತ್ತಾರಂತೆ.

“ಫೋಟೋ ಅಲ್ಲಾಡಿಲ್ರಿ,” ಅನ್ನುತ್ತಾಳಂತೆ ಗಂಗಕ್ಕ, “ನಮ್ಮವ್ವ ನಗಾಕತ್ತಾಳ.”