ತಪ್ಪಿದ ವಾರದ ಚುಚ್ಚುಮದ್ದು

ಇದನ್ನು ನನಗೆ ಮೊದಲು ಹೇಳಿದ್ದು ಕಿಬ್ಬನಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ನರ್ಸ್ ಗಿರಿಜಮ್ಮ. ತೂಕ ಇಳಿಸಲು ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಪೆನ್ನಿನಿಂದ ವಾರಕ್ಕೊಮ್ಮೆ ಚುಚ್ಚಿಕೊಳ್ಳುತ್ತಿದ್ದೆ. ಕೊಬ್ಬರಿ ಸುಲಿಸುವ ಗಡಿಬಿಡಿಯಲ್ಲಿ ಒಂದು ವಾರ ತಪ್ಪಿಹೋಗಿತ್ತು.

"ಇವತ್ತು ಎರಡೂ ಸೇರಿಸಿ ಚುಚ್ಕೋತೀನಿ ಕಣೇ. ತೋಟಕ್ಕೆ ನೀರು ತಪ್ಪಿದ್ರೆ ಹಂಗೇ ಅಲ್ವಾ ಬಿಡೋದು?" ಎಂದು ಫೋನಿನಲ್ಲಿ ತಂಗಿಗೆ ಜಂಬದಿಂದ ಹೇಳುತ್ತಿದ್ದೆ.

ಗಿರಿಜಮ್ಮ ನನ್ನ ಮಾತು ಮುಗಿಯುವುದಕ್ಕೂ ಕಾಯಲಿಲ್ಲ. "ಹೊಟ್ಟೆ ಏನು ತೆಂಗಿನ ಪಾತಿನೇನ್ರೀ? ಎರಡು ಡೋಸ್ ಒಟ್ಟಿಗೆ ಬಿದ್ರೆ ವಾಂತಿ ನಿಲ್ಲದೆ ಆಸ್ಪತ್ರೆ ಸೇರ್ತೀರ. ಯಾವತ್ತು, ಎಷ್ಟು ಅಂತ ಡಾಕ್ಟರನ್ನೇ ಕೇಳಿ."

ಅಲ್ಲೇ ಫೋನು ಮಾಡಿಸಿದರು. ಡಾಕ್ಟರೂ ಎರಡು ಸೇರಿಸಲೇಬೇಡಿ ಎಂದರು. ಅವರು ತೂಕ ಕೇಳಿದಾಗ ಗದ್ದಲದಲ್ಲಿ ಕೂಗಿ ಹೇಳಬೇಕಾಗಿ ಇಡೀ ಬಸ್ಸಿಗೆ ನನ್ನ ತೂಕ ಗೊತ್ತಾಯಿತು, ಆದರೆ ನಾನು ಉಳಿದೆ. ಆಕೆಯ ಹೊಟ್ಟೆ ತಣ್ಣಗಿರಲಿ.

ನಿಮ್ಮಲ್ಲಿ ಯಾರಾದರೂ ಚುಚ್ಚಿಕೊಳ್ಳುತ್ತಿದ್ದರೆ ಅವರಿಗೂ ಹೇಳಿ. ತೂಕದ ವಿಷಯ ಮಾತ್ರ ಮೆಲ್ಲಗೆ ಕೇಳಿ.